ಕಾರ್ನ್ ಸ್ನೇಕ್ ಸಾಕೋದು ಹೇಗೆ: ಬಾಲ್ ಪೈಥಾನ್ ಆದ್ಮೇಲೆ ಇದರ ಮೇಲೆ ಕಣ್ಣು ಬಿದ್ದೋರಿಗೆ

ಬಾಲ್ ಪೈಥಾನ್ ಅನ್ನೋ ಚಿಕ್ಕ ಹೆಬ್ಬಾವು ಸಾಕಿದೋರಿಗೆ ಗೊತ್ತಿರುತ್ತೆ, ಅದು ಹಗಲೆಲ್ಲ ಹೈಡ್, ಅಂದ್ರೆ ಬಚ್ಚಿಟ್ಕೊಳ್ಳೋ ಗೂಡಿನ ಒಳಗೆ ಸುರುಳಿ ಸುತ್ಕೊಂಡು ಬಿದ್ದಿರುತ್ತೆ, ಮನಸ್ಸು ಬಂದ್ರೆ ತಿನ್ನುತ್ತೆ ಇಲ್ಲಾಂದ್ರೆ ತಿಂಗಳುಗಟ್ಟಲೆ ಉಪವಾಸ. ಕಾರ್ನ್ ಸ್ನೇಕ್ ಹಂಗಲ್ಲ. ಸಂಜೆ ಆದ್ರೆ ಕೊಂಬೆ ಹತ್ತುತ್ತೆ, ಇಳಿಯುತ್ತೆ, ಕೆಳಗೆ ಹಾಸಿರೋ ಆಸ್ಪೆನ್ ಮರದ ಪುಡಿ ಒಳಗೆ ಬಿಲ ಕೊರೆಯುತ್ತೆ, ಗಾಜಿಗೆ ಮೂತಿ ಒತ್ತಿ ನೀವು ಏನ್ ಮಾಡ್ತಿದೀರಿ ಅಂತ ನೋಡುತ್ತೆ. ಇಲ್ಲಿ ಅಮೆರಿಕದಲ್ಲಿ ರೆಪ್ಟೈಲ್ ಸಾಕೋರು ಇದನ್ನ ಬಿಗಿನರ್ ಹಾವು ಅಂತ ಮೂಗು ಮುರೀತಾರೆ, ಆದ್ರೆ ನನ್ ಪ್ರಕಾರ ದಿನಾ ನೋಡೋಕೆ ಇದರಷ್ಟು ಮಜಾ ಕೊಡೋ ಹಾವು ಕಡಿಮೆ.

ಇದು ಅಮೆರಿಕದ ಆಗ್ನೇಯ ಭಾಗದ ಹಾವು, ಫ್ಲೋರಿಡಾ, ಕೆರೋಲಿನಾ ಕಡೆ ಕಾಡಲ್ಲೂ ಹಳೇ ಕೊಟ್ಟಿಗೆಗಳಲ್ಲೂ ಇಲಿ ಹಿಡ್ಕೊಂಡು ಬದುಕುತ್ತೆ. ಅಂದ್ರೆ ಕೆಲಸದಲ್ಲಿ ನಮ್ಮ ಕೇರೆ ಹಾವು ಇದ್ದಂಗೆ, ಸೈಜ್ ಮಾತ್ರ ಚಿಕ್ಕದು, ದೊಡ್ಡದಾದ್ರೆ ಮೂರರಿಂದ ಐದು ಅಡಿ. ವಿಷ ಇಲ್ಲ. ಹೊಟ್ಟೆ ಕಡೆ ತಿರುಗಿಸಿ ನೋಡಿದ್ರೆ ಕಪ್ಪು ಬಿಳುಪು ಚೆಸ್ ಬೋರ್ಡ್ ಥರ ಚೌಕ ಚೌಕ ಇರುತ್ತೆ. ಚೆನ್ನಾಗಿ ನೋಡ್ಕೊಂಡ್ರೆ 15-20 ವರ್ಷ ಬದುಕುತ್ತೆ, ಹಂಗಾಗಿ ಮುಂದೆ ಊರಿಗೆ ವಾಪಸ್ ಹೋಗೋ ಪ್ಲಾನ್ ಇದ್ರೆ ಈಗ್ಲೇ ಯೋಚನೆ ಮಾಡಿ.

ಕೊಳ್ಳೋದಾದ್ರೆ ಬ್ರೀಡರ್ ಹತ್ರ ಹುಟ್ಟಿದ ಮರೀನೇ ತಗೊಳ್ಳಿ, ಕಾಡಿಂದ ಹಿಡಿದಿದ್ದು ಬೇಡ. ಎಷ್ಟ್ ಸಲ ತಿಂದಿದೆ, ಫ್ರೋಜನ್ ಇಲಿ ತಿನ್ನುತ್ತಾ ಅಂತ ಕೇಳಿ. ಮೊದ್ಲೇ ಬೇರೆ ಹಾವು ಇದ್ರೆ ಹೊಸದನ್ನ ಎರಡು ಮೂರು ತಿಂಗಳು ಬೇರೆ ರೂಮಲ್ಲಿ ಇಡಿ, ಮೈಟ್ಸ್, ಅಂದ್ರೆ ರಕ್ತ ಹೀರೋ ಸಣ್ಣ ಹುಳ, ಒಂದ್ಸಲ ಹರಡ್ತು ಅಂದ್ರೆ ನಿದ್ದೆ ಇರಲ್ಲ. ಹವಾಯಿಯಲ್ಲಂತೂ ಯಾವ ಹಾವನ್ನೂ ಸಾಕೋ ಹಂಗಿಲ್ಲ, ಬೇರೆ ಕಡೆ ಇರೋರು ಅವರವರ ಸ್ಟೇಟ್ ರೂಲ್ ನೋಡ್ಕೊಳ್ಳಿ. ಊರಲ್ಲಿ ಇದನ್ನ ಓದಿ ಕೇರೆ ಹಾವು ಹಿಡ್ಕೊಂಡು ಬಂದು ಡಬ್ಬಿಗೆ ಹಾಕೋಣ ಅಂದ್ಕೊಂಡೋರಿಗೆ, ದಯವಿಟ್ಟು ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಟ್ಯಾಂಕ್ ವಿಷಯಕ್ಕೆ ಬಂದ್ರೆ, ಮರಿಗೆ 10-20 ಗ್ಯಾಲನ್ ಸಾಕು, ದೊಡ್ಡದಾದ್ಮೇಲೆ ನಾಲ್ಕಡಿ ಉದ್ದ ಎರಡಡಿ ಅಗಲ ಇದ್ರೆ ಆರಾಮಾಗಿ ಇರುತ್ತೆ. ಒಂದ್ ಕಡೆ ಬಿಸಿ, 85-88 ಡಿಗ್ರಿ ಫ್ಯಾರನ್‌ಹೀಟ್, ಇನ್ನೊಂದ್ ಕಡೆ 75 ಹತ್ರ, ಎರಡೂ ಕಡೆ ಒಂದೊಂದು ಹೈಡ್. ಹೀಟ್ ಮ್ಯಾಟ್ ಹಾಕಿದ್ರೆ ಥರ್ಮೋಸ್ಟಾಟ್ ಇಲ್ದೆ ಆನ್ ಮಾಡ್ಲೇಬೇಡಿ, ಹಾವಿಗೆ ಹೊಟ್ಟೆ ಸುಡ್ತಿರೋದು ಬೇಗ ಗೊತ್ತಾಗಲ್ಲ. ಕೆಳಗೆ ಹಾಸೋಕೆ ಆಸ್ಪೆನ್ ಪುಡಿ, ಸೀಡರ್ ಮರದ ಪುಡಿ ಮಾತ್ರ ಬೇಡ, ಅದರ ಎಣ್ಣೆ ವಾಸನೆ ಹಾವಿನ ಶ್ವಾಸಕ್ಕೆ ಕೆಟ್ಟದ್ದು. ಒಂದ್ ಟ್ಯಾಂಕಿಗೆ ಒಂದೇ ಹಾವು, ಜೊತೆಗಿರ್ಲಿ ಪಾಪ ಅಂತ ಎರಡು ಹಾಕಿದ್ರೆ ಒಂದನ್ನೊಂದು ನುಂಗಿರೋದೂ ಉಂಟು. ಮತ್ತೆ ಮುಚ್ಚಳ! ಮರಿ ಪೆನ್ಸಿಲ್ ದಪ್ಪ ಇರುತ್ತೆ, ತಲೆ ತೂರಿದ ಸಂದಲ್ಲಿ ಮೈಯೂ ತೂರುತ್ತೆ, ವೈರ್ ಹೋಗೋ ತೂತನ್ನೂ ಬಿಡಲ್ಲ, ಎಲ್ಲಾ ಕಡೆ ಕ್ಲಿಪ್ ಹಾಕಿ.

ಮನೆಗೆ ತಂದ ಮೊದಲ ಒಂದು ವಾರ ಮುಟ್ಬೇಡಿ, ನೀರು ಮಾತ್ರ ಬದಲಾಯಿಸಿ. ಮರಿಗಳು ಹೆದರಿದ್ರೆ ಬಾಲ ಅಲ್ಲಾಡಿಸ್ತವೆ, ಒಣಗಿದ ಎಲೆ ಮೇಲೆ ಆ ಸದ್ದು ಥೇಟ್ ಬಾಲದಲ್ಲಿ ಗಿಲಕಿ ಇರೋ ವಿಷದ ಹಾವು ರ‍್ಯಾಟಲ್‌ಸ್ನೇಕ್ ಥರಾನೇ, ಆಮೇಲೆ ಕೈ ಮೇಲೆ ಗಬ್ಬು ನಾತದ ಏನೋ ಬಿಡ್ತವೆ, ಅದೆಲ್ಲ ದಿನಾ ಕಳೆದಂಗೆ ನಿಲ್ಲುತ್ತೆ. ಎರಡು ಮೂರು ಊಟ ಸರಿಯಾಗಿ ಆದ್ಮೇಲೆ ಐದು ನಿಮಿಷ ಕೈಗೆ ತಗೊಳ್ಳಿ, ಮೇಲಿಂದ ಗಬಕ್ ಅಂತ ಹಿಡೀಬೇಡಿ, ಪಕ್ಕದಿಂದ ಕೈ ತೂರಿಸಿ ಎತ್ತಿ. ಆಮೇಲೆ ಕೈ ಸೋಪ್ ಹಾಕಿ ತೊಳೀರಿ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ.

ಊಟ. ನಮ್ಮಂಥ ಮನೆಗಳಲ್ಲಿ ದೊಡ್ಡ ಜಗಳ ಇದೇ, ತೆಂಗಿನ ತುರಿ, ಬಟಾಣಿ ಇಡೋ ಫ್ರೀಜರಲ್ಲಿ ಇಲಿ ಇಡ್ತೀನಿ ಅಂದ್ರೆ ಯಾರ್ ಬಿಡ್ತಾರೆ, ಸುಮ್ನೆ ಒಂದು ಚಿಕ್ಕ ಫ್ರೀಜರ್ ತಗೊಂಡು ಗ್ಯಾರೇಜಲ್ಲಿ ಇಡಿ. ಮರಿಗೆ ಐದಾರು ದಿನಕ್ಕೊಂದು ಪಿಂಕಿ, ಅಂದ್ರೆ ಕೂದಲು ಬರದ ಇಲಿ ಮರಿ, ದೊಡ್ಡದಕ್ಕೆ 10-14 ದಿನಕ್ಕೊಂದು ಪೂರ್ತಿ ಬೆಳೆದ ಚಿಟ್ಟಿಲಿ (ಮೌಸ್). ಹಾವಿನ ಮೈಯ ದಪ್ಪ ಭಾಗಕ್ಕಿಂತ ಒಂಚೂರು ದಪ್ಪ ಇದ್ರೆ ಸರಿ. ಹಿಂದಿನ ರಾತ್ರಿ ಫ್ರಿಜ್ಜಲ್ಲಿ ಕರಗೋಕೆ ಇಟ್ಟು, ಜಿಪ್‌ಲಾಕ್ ಕವರಲ್ಲಿ ಹಾಕಿ ಬಿಸಿ ನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಒಡೆದು ಹೋಗುತ್ತೆ. ಇಲಿಯ ಹಿಂಭಾಗಾನ ಉದ್ದ ಇಕ್ಕಳದಲ್ಲಿ ಹಿಡಿದು ತಲೆ ಕಡೆ ತೋರಿಸಿ ಸ್ವಲ್ಪ ಅಲ್ಲಾಡಿಸಿ. ನಾಲಿಗೆ ಪಟಪಟ ಅಂತ ಹೊರಗೆ ಬರುತ್ತೆ, ಕುತ್ತಿಗೆ ಇಂಗ್ಲಿಷ್ ಎಸ್ ಅಕ್ಷರದ ಥರ ಮಡಚುತ್ತೆ, ಆಮೇಲೆ ಕಣ್ಣಿಗೆ ಕಾಣೋಕೆ ಮುಂಚೆ ಹಿಡಿದು ಎರಡು ಸುತ್ತು ಸುತ್ತಿರುತ್ತೆ. ಸತ್ತಿರೋ ಇಲೀನೇ ಹಿಂಡಿ ಹಿಂಡಿ, ಮೂತಿ ಹುಡುಕಿ ಅಲ್ಲಿಂದ ನುಂಗೋಕೆ ಶುರು ಮಾಡುತ್ತೆ, ಎಡ ದವಡೆ ಒಂದ್ ಹೆಜ್ಜೆ, ಬಲ ದವಡೆ ಒಂದ್ ಹೆಜ್ಜೆ. ಮುಗಿದ್ಮೇಲೆ ದೊಡ್ಡದಾಗಿ ಆಕಳಿಸಿ ದವಡೆ ಸರಿ ಮಾಡ್ಕೊಳುತ್ತೆ. ಅಲ್ಲಿಂದ ಎರಡು ದಿನ ಮುಟ್ಬೇಡಿ, ಕಕ್ಕಿಬಿಡುತ್ತೆ. ಕಕ್ಕಿದ್ರೆ ಗಾಬರಿಯಿಂದ ಮತ್ತೆ ತಿನ್ನಿಸಬೇಡಿ, ಹತ್ತು ಹದಿನಾಲ್ಕು ದಿನ ಬಿಟ್ಟು ಚಿಕ್ಕ ಇಲಿ ಕೊಡಿ, ಮತ್ತೂ ಕಕ್ಕಿದ್ರೆ ವೆಟ್ ಹತ್ರ ಹೋಗಿ.

ಮೈ ಬಣ್ಣ ಮಂಕಾಗಿ ಕಣ್ಣು ಹಾಲು ನೀಲಿ ಆದ್ರೆ ಪೊರೆ ಬಿಡೋ ಟೈಮ್, ಆಗ ಕಣ್ಣು ಸರಿಯಾಗಿ ಕಾಣಲ್ಲ, ಸಿಡುಕು ಜಾಸ್ತಿ. ಒದ್ದೆ ಪಾಚಿ ಹಾಕಿದ ಒಂದು ಡಬ್ಬಿ ಒಳಗಿಡಿ. ಬಿಟ್ಟ ಪೊರೆ ಎತ್ಕೊಂಡು ಬಾಲದ ತುದಿ, ಕಣ್ಣಿನ ಮೇಲಿನ ತೆಳು ಪೊರೆ ಎರಡೂ ಬಂದಿದೆಯಾ ನೋಡಿ.

ಬಣ್ಣದ ಹುಚ್ಚು ಹಿಡಿಯೋದು ಆಮೇಲೆ. ಕಪ್ಪು ಬಣ್ಣ ಇಲ್ಲದ ಬಗೆ ಅಮೆಲ್, ಕೆಂಪಿಲ್ಲದ ಬಗೆ ಅನೆರಿ, ಎರಡೂ ಗುಣ ಒಂದೇ ಹಾವಲ್ಲಿ ಸೇರಿದ್ರೆ ಬಿಳೀ ಸ್ನೋ. ಅಮೆಲ್ಗೂ ಅನೆರಿಗೂ ಜೋಡಿ ಮಾಡಿದ್ರೆ ಮರಿಗಳೆಲ್ಲ ಮಾಮೂಲಿ ಬಣ್ಣಾನೇ, ಆ ಮರಿಗಳನ್ನ ಒಂದಕ್ಕೊಂದು ಜೋಡಿ ಮಾಡಿದ್ರೆ ಸರಾಸರಿ 16ಕ್ಕೆ ಒಂದು ಸ್ನೋ. ಒಂದ್ ಸಲಕ್ಕೆ 10-30 ಮೊಟ್ಟೆ ಇಡುತ್ತೆ, ಎರಡು ತಿಂಗಳಲ್ಲಿ ಮರಿ, ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಪಿಂಕಿ, ಬೇರೆ ಗಿರಾಕಿ. ಅಷ್ಟಕ್ಕೂ ಜಾಗ ಇಲ್ಲಾಂದ್ರೆ ಸ್ನೋ ಒಂದನ್ನ ದುಡ್ಡು ಕೊಟ್ಟೇ ತಗೊಂಬಿಡಿ, ಅಗ್ಗ ಬೀಳುತ್ತೆ.