ರಿಸೆಪ್ಶನ್‌ನಲ್ಲಿ ತಮಾಷೆಯ ಸಪ್ತಪದಿ: ನನ್ನ ಅನುಭವ

ಮಂಗಳೂರು, ಉಡುಪಿಯಲ್ಲಿ ಮದುವೆ ನಿರೂಪಣೆ ಮಾಡುವ ಗೆಳೆಯರೆಲ್ಲ ನನಗೆ ಹೇಳಿದ್ದು ಒಂದೇ: "ಮಾರಾಯ, ಸಪ್ತಪದಿಯಲ್ಲಿ ತಮಾಷೆಗೆ ಹೋಗಬೇಡ. ಭಟ್ರು ಬೈತಾರೆ, ಹಿರಿಯರು ಎದ್ದು ಹೋಗ್ತಾರೆ." ಈಗ ಅವರೇ ಫೋನ್ ಮಾಡಿ ಸ್ಕ್ರಿಪ್ಟ್ ಕೇಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ. ಪೂರ್ತಿ ಹೇಳುವುದಿಲ್ಲ, ಅದು ಬೇರೆ ವಿಷಯ.

ಬೆಳಗಿನ ಮುಹೂರ್ತಕ್ಕೆ ನಾನು ಕೈ ಹಾಕುವುದೇ ಇಲ್ಲ. ಅಗ್ನಿ ಭಟ್ರದ್ದು, ಮೈಕ್ ನನ್ನದು. ಮದುಮಕ್ಕಳಿಂದ ಹೆಜ್ಜೆಗೊಂದು ತಮಾಷೆಯ ಮಾತು ಹೇಳಿಸುವ ನನ್ನ ಏಳು ಹೆಜ್ಜೆ ಸಂಜೆಯ ರಿಸೆಪ್ಶನ್‌ನಲ್ಲಿ, ಬಫೆಗೆ ಕಾಲು ಗಂಟೆ ಮೊದಲು. ಚಿಕನ್ ಸುಕ್ಕದ ಪರಿಮಳ ಎದ್ದ ಮೇಲೆ ನಿಮ್ಮ ಜೋಕು ಕೇಳುವವರಿಲ್ಲ.

ಶುರುವಿಗೆ ವಾಟ್ಸ್ಆಪ್‌ನಲ್ಲಿ ಬಂದದ್ದನ್ನೇ ಹೇಳಿಸಿದೆ. ರಿಮೋಟ್ ಕೊಡುತ್ತೇನೆ, ಶಾಪಿಂಗ್‌ನಲ್ಲಿ ಬ್ಯಾಗ್ ಹಿಡಿಯುತ್ತೇನೆ ಇತ್ಯಾದಿ. ಸಭೆ ಕೆಮ್ಮಿತು, ಅಷ್ಟೇ. ಕಿನ್ನಿಗೋಳಿ ಕಡೆ ಚೆಂಡೆ ಇಟ್ಟು, ಯಕ್ಷಗಾನದ ಹಾಸ್ಯಗಾರನ ಧಾಟಿಯಲ್ಲಿ ಮಾಡಿ ನೋಡಿದೆ. ಚೆಂಡೆಯವರಿಗೆ ಎರಡು ಸಾವಿರ ಕೊಟ್ಟೆ, ನನಗೆ ಸಿಕ್ಕಿದ್ದು ಸಾವಿರದ ಐನೂರೋ ಏನೋ. ಮಾತು ಯಾರಿಗೂ ಕೇಳಲಿಲ್ಲ, ಒಂದು ಮಗು ಹೆದರಿ ಅತ್ತಿತು. ಕೆಥೊಲಿಕರು ಮದುವೆಗೆ ಮೊದಲು ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲೂ ಒಮ್ಮೆ ಪ್ರಯತ್ನಿಸಿದೆ. ಮದುಮಗಳ ಕೈಗೆ ಚೀಟಿ ಕೊಟ್ಟರೆ ಅವಳ ಮೈಕೈಯೆಲ್ಲ ತೆಂಗಿನ ಹಾಲು. ಎರಡನೇ ಸಾಲಿಗೇ ಕಾಗದ ಮುದ್ದೆ. ಈಗ ಚೀಟಿ ಇಲ್ಲ. ನಾನು ಹೇಳುತ್ತೇನೆ, ಅವರು ಹಿಂದಿನಿಂದ ಹೇಳುತ್ತಾರೆ.

ಕೊನೆಗೆ ಕೈ ಹಿಡಿದದ್ದು, ಮಂತ್ರದ ಅರ್ಥಕ್ಕೇ ಊರಿನ ಮಾತು ಜೋಡಿಸುವುದು. ಮೊದಲ ಹೆಜ್ಜೆ ಅನ್ನಕ್ಕೆ, ಅಲ್ವಾ? ಮದುಮಗ ಹೇಳುತ್ತಾನೆ: "ಕೋರಿ ರೊಟ್ಟಿಗೆ ಸಾರು ಹಾಕಿದ ಮೇಲೆ ಫೋನ್ ಹಿಡಿದು ಕೂರುವುದಿಲ್ಲ, ರೊಟ್ಟಿ ಮೆತ್ತಗಾಗುವ ಮೊದಲೇ ಬರುತ್ತೇನೆ." ಮೂರನೆಯದು ಸಂಪತ್ತಿಗೆ. ಅಲ್ಲಿ ಮದುಮಗಳು: "ಸೊಸೈಟಿಯಲ್ಲಿ ಚಿನ್ನ ಅಡವಿಡುವ ಮೊದಲು ನನ್ನನ್ನು ಕೇಳಬೇಕು." ಆರನೆಯದು ಋತುಗಳಿಗೆ: "ಜೂನ್, ಜುಲೈಯಲ್ಲಿ ಟ್ರಾಲ್ ಬೋಟ್ ಇಳಿಯದ 61 ದಿನ, ತಟ್ಟೆಯಲ್ಲಿ ಬಂಗುಡೆ ಇಲ್ಲ ಅಂತ ಮುಖ ಊದಿಸಿಕೊಳ್ಳುವುದಿಲ್ಲ." ಮಳೆಗಾಲದ ಮೀನುಗಾರಿಕೆ ನಿಷೇಧದ ಬಿಸಿ ಗೊತ್ತಿರುವ ಮಲ್ಪೆ ಬಂದರಿನವರಿದ್ದರೆ ಇಲ್ಲಿ ಶಿಳ್ಳೆ ಗ್ಯಾರಂಟಿ.

ಐದನೆಯದು ಸಂತಾನದ್ದು. ಎಷ್ಟೋ ನಿರೂಪಕರು ಜಾರುವುದು ಇಲ್ಲೇ. ನಾನು ಜೋಡಿಯ ಬಾಯಿಂದ ಏನೂ ಹೇಳಿಸುವುದಿಲ್ಲ. ಸಭೆಯವರಿಂದ ಕೈ ಎತ್ತಿಸುತ್ತೇನೆ: "ಇನ್ನೊಂದು ವರ್ಷ ನಾವು ಯಾರೂ 'ವಿಶೇಷ ಉಂಟಾ' ಅಂತ ಕೇಳುವುದಿಲ್ಲ." ಉಡುಪಿಯಲ್ಲಿ ಒಬ್ಬರು ದೊಡ್ಡಮ್ಮ ಕೈ ಎತ್ತಲೇ ಇಲ್ಲ. "ಒಂದು ವರ್ಷ ಜಾಸ್ತಿ ಆಯ್ತು, ಆರು ತಿಂಗಳು ಮಾಡಿ ಮಾರಾಯ್ರೇ" ಅಂತ ಕೂತಲ್ಲಿಂದಲೇ ಚೌಕಾಸಿ. ಕೊನೆಗೆ ಎಂಟಕ್ಕೆ ಒಪ್ಪಿಸಿದೆ. ಆ ಸೀಸನ್‌ನ ಅರ್ಧ ಮದುವೆ ನನಗೆ ಆ ಒಂದು ವಿಡಿಯೋದಿಂದಲೇ ಸಿಕ್ಕಿತು.

ಆರು ಮುಗಿದ ಮೇಲೆ ಸ್ವಲ್ಪ ನಿಲ್ಲಿಸುತ್ತೇನೆ. "1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಸಪ್ತಪದಿ ಇರುವ ಮದುವೆ ಪೂರ್ತಿಯಾಗುವುದು ಏಳನೇ ಹೆಜ್ಜೆಗೆ. ನೀವು ಬೆಳಿಗ್ಗೆಯೇ ಇಟ್ಟಾಗಿದೆ, ಇನ್ನು ಯೋಚಿಸಿ ಪ್ರಯೋಜನ ಇಲ್ಲ." ಏಳನೆಯದು ಸಖ್ಯದ್ದು. ಅದನ್ನು ಮಾತ್ರ ಇದ್ದ ಹಾಗೇ ಹೇಳಿಸುತ್ತೇನೆ. ಬೈಯಲಿಕ್ಕೆಂದೇ ಕೂತಿದ್ದ ಭಟ್ರೊಬ್ಬರು ಇದಕ್ಕೇ ಒಪ್ಪಿದ್ದು. ಈಗ ಅವರೇ ನನ್ನ ನಂಬರ್ ಕೊಡುತ್ತಾರೆ.

ರೇಟು ಆರು ಸಾವಿರದ ಆಸುಪಾಸು. ಮದುವೆಯೇ ಇಲ್ಲದ ತುಳುವರ ಆಟಿ ತಿಂಗಳಲ್ಲಿ ಸಂಪಾದನೆ ಸೊನ್ನೆ. ಮೆಹಂದಿ ರಾತ್ರಿಗೆ ಸಾವಿರ ಜಾಸ್ತಿ, ಡಿಜೆಯವನ ಜೊತೆಗಿನ ಜಗಳ ಸೇರಿ. ಮನೆಮನೆಯ ಗುಟ್ಟು ನನಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬೇಡಿ. ಮದುವೆಗೆ ವಾರ ಇರುವಾಗ ಒಂದು ಫೋನ್ ಮಾಡುತ್ತೇನೆ, ಮದುಮಕ್ಕಳಿಗಲ್ಲ. ಯಾರಿಗೆ ಅಂತ ಹೇಳಿಬಿಟ್ಟರೆ ನನ್ನ ಹೊಟ್ಟೆಪಾಡು ಏನಾಗಬೇಕು?