ಅನುದಾನ ವಾರ್ಡಿಗಲ್ಲ, ಗಟಾರಕ್ಕೆ: ನಗರಸಭೆಯ ಕ್ರಿಯಾ ಯೋಜನೆ ಬರೆಯುವ ನನ್ನ ರೀತಿ

ಕಾರವಾರ ನಗರಸಭೆಗೆ 31 ವಾರ್ಡು, ಶಿರಸಿಗೂ 31. ಅನುದಾನ ಬಂತೆಂದ ಕೂಡಲೇ ಸಾಮಾನ್ಯ ಸಭೆಯಲ್ಲಿ ಏಳುವ ಮೊದಲ ಮಾತು, ‘ಎಲ್ಲರಿಗೂ ಸಮನಾಗಿ ಹಂಚಿ’ ಎಂಬುದು. ಸದಸ್ಯರ ಮೇಲೆ ಮತದಾರರ ಒತ್ತಡ ಎಷ್ಟಿರುತ್ತದೆ ಎಂದು ಬಲ್ಲವರಿಗೆ ಈ ಬೇಡಿಕೆ ಅರ್ಥವಾಗುತ್ತದೆ. ಆದರೂ ಮಳೆನೀರಿನ ಗಟಾರದ ಮಟ್ಟಿಗೆ ಇದು ತಪ್ಪು ಹಂಚಿಕೆ. ಏಕೆ ತಪ್ಪು, ಇದರ ಬದಲು ನಾನು ಕ್ರಿಯಾ ಯೋಜನೆಯನ್ನು, ಅಂದರೆ ಆ ಹಣದ ಕಾಮಗಾರಿಗಳ ಪಟ್ಟಿಯನ್ನು, ಹೇಗೆ ತಯಾರಿಸುತ್ತೇನೆ ಎಂಬುದನ್ನು ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಮೊದಲು ಹಣದ ಬಣ್ಣ ಗುರುತಿಸಬೇಕು. ಎಲ್ಲ ಹಣವನ್ನೂ ಎಲ್ಲದಕ್ಕೂ ಬಳಸಲು ಬರುವುದಿಲ್ಲ. 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅವಧಿಯಲ್ಲಿ ನಮ್ಮಂಥ ಊರುಗಳಿಗೆ ಬಂದ ಹಣದಲ್ಲಿ ಶೇ 40 ಮಾತ್ರ ಮುಕ್ತ, ಅದನ್ನೂ ಸಂಬಳಕ್ಕೆ, ಕಚೇರಿ ಖರ್ಚಿಗೆ ಮುಟ್ಟುವಂತಿರಲಿಲ್ಲ. ಉಳಿದ ಶೇ 60 ನಿರ್ಬಂಧಿತ: ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ, ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಅಂದರೆ ಆಗ 1 ಕೋಟಿ ಬಂದರೆ ರಸ್ತೆ, ಮೋರಿ, ಮಳೆನೀರಿನ ಗಟಾರಕ್ಕೆ ಧೈರ್ಯವಾಗಿ ಬರೆಯಬಹುದಾಗಿದ್ದದ್ದು 40 ಲಕ್ಷ. ಮಳೆನೀರಿನ ಗಟಾರವನ್ನು ‘ನೈರ್ಮಲ್ಯ’ ಎಂಬ ಹೆಸರಿನಲ್ಲಿ ನಿರ್ಬಂಧಿತ ಭಾಗಕ್ಕೆ ತಳ್ಳುವ ಆಸೆ ಎಲ್ಲ ಕಡೆ ಇರುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. ಆಡಿಟ್‌ನಲ್ಲಿ ಆಕ್ಷೇಪಣೆ ಬಂದರೆ ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಉತ್ತರ ಬರೆಯುತ್ತಿರಬೇಕಾಗುತ್ತದೆ.

ನಗರಸಭೆಯ ಸ್ವಂತ ನಿಧಿ ಮತ್ತು ರಾಜ್ಯ ಹಣಕಾಸು ಆಯೋಗದ ಮುಕ್ತ ನಿಧಿಯದ್ದು ಬೇರೆ ಲೆಕ್ಕ. ಅದರಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ (17.15 ಮತ್ತು 6.95), ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಮೊದಲೇ ತೆಗೆದಿಡಬೇಕು. 50 ಲಕ್ಷ ಇದ್ದರೆ ಕ್ರಮವಾಗಿ 12.05 ಲಕ್ಷ, 3.625 ಲಕ್ಷ, 2.50 ಲಕ್ಷ ಹೋಗಿ, ಸಾಮಾನ್ಯ ಕಾಮಗಾರಿಗೆ 31.825 ಲಕ್ಷ ಉಳಿಯುತ್ತದೆ. ಶೇ 24.10ರ ಹಣವನ್ನು ಕೇರಿಯ ಹೊರಗಿನ ಮುಖ್ಯ ರಸ್ತೆಗೆ ಹಾಕಿ ‘ಕೇರಿಯವರೂ ಓಡಾಡುತ್ತಾರೆ’ ಎಂದು ಟಿಪ್ಪಣಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಆ ಮನೆಗಳ ಹಣ. ಆ ಕೇರಿಗೇ ಹೋಗಿ, ಹೆಂಗಸರನ್ನೂ ಕೂರಿಸಿಕೊಂಡು, ನೀರು, ಗಟಾರ, ಸೂರು, ಮಕ್ಕಳ ಶುಲ್ಕ ಇವುಗಳಲ್ಲಿ ಯಾವುದು ಮೊದಲು ಎಂದು ಕೇಳಿ ಬರೆದುಕೊಳ್ಳಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೊಂದು ಗೊಂದಲವೂ ಇದೆ. ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಹಾಲಕ್ಕಿ ಒಕ್ಕಲಿಗರು ಬಹುಕಾಲದಿಂದ ಕೇಳುತ್ತಿದ್ದರೂ ಸೇರಿಲ್ಲ. ಹಾಲಕ್ಕಿ ಕೊಪ್ಪಕ್ಕೋ ಮೀನುಗಾರ ಖಾರ್ವಿಗಳ ಕೇರಿಗೋ ಈ ಶೇ 24.10ರ ಶೀರ್ಷಿಕೆಯಲ್ಲಿ ಕಾಮಗಾರಿ ಬರೆದರೆ ವಾಪಸ್ ಬರುತ್ತದೆ. ಅವರ ಬಡತನ ಕಂಡು ಬರೆದದ್ದೇ ಆದರೂ ಶೀರ್ಷಿಕೆ ತಪ್ಪಾದರೆ ಆ ವರ್ಷ ಅವರಿಗೆ ಏನೂ ಸಿಗುವುದಿಲ್ಲ. ಅವರ ಕೆಲಸವನ್ನು ಸಾಮಾನ್ಯ ಭಾಗದಲ್ಲೋ ಶೇ 7.25ರಲ್ಲೋ ಮೊದಲೇ ಹಿಡಿದಿಡಿ.

ಈಗ ಉಳಿದ 31.825 ಲಕ್ಷಕ್ಕೆ ಬರೋಣ. 31ರಿಂದ ಭಾಗಿಸಿದರೆ ವಾರ್ಡಿಗೆ 1.02 ಲಕ್ಷ ಚಿಲ್ಲರೆ. ಒಳ ಅಗಲ 60 ಸೆಂ.ಮೀ., ಆಳ 75 ಸೆಂ.ಮೀ., ಗೋಡೆ ಮತ್ತು ತಳ 15 ಸೆಂ.ಮೀ. ದಪ್ಪದ ಕಾಂಕ್ರೀಟ್ ಗಟಾರಕ್ಕೆ ಪ್ರತಿ ಮೀಟರಿಗೆ 0.36 ಘನ ಮೀಟರ್ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್), ಅದರ ಕೆಳಗೆ 0.11 ಘನ ಮೀಟರ್ ಬೆಡ್ ಕಾಂಕ್ರೀಟ್, 28-30 ಕಿಲೋ ಕಬ್ಬಿಣ, ಸುಮಾರು 1.2 ಘನ ಮೀಟರ್ ಅಗೆತ ಬೇಕು. ಮೇಲಿನ ಸ್ಲ್ಯಾಬ್ ಬೇರೆ. ಇದರ ಮೇಲೆ ಶೇ 18 ಜಿಎಸ್‌ಟಿ, ಶೇ 1 ಕಾರ್ಮಿಕ ಕಲ್ಯಾಣ ಸೆಸ್. ಹೀಗಾಗಿ 1 ಲಕ್ಷದಲ್ಲಿ ಆಗುವ ಉದ್ದ 10ರಿಂದ 15 ಮೀಟರ್, ಅಂದರೆ ಎರಡು ಮನೆಯ ಮುಂಭಾಗ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮೇಲಿನಿಂದ ಬಂದ ನೀರು ಆ 15 ಮೀಟರ್ ಚೆನ್ನಾಗಿ ಹರಿದು, ಗಟಾರ ಮುಗಿದ ಕಡೆ ಮೂರನೇ ಮನೆಯ ಅಂಗಳಕ್ಕೆ ನುಗ್ಗುತ್ತದೆ. ಮೊದಲು ಹರಡಿಕೊಂಡು ನಿಲ್ಲುತ್ತಿದ್ದ ನೀರನ್ನು ನಾವೇ ಒಂದೆಡೆ ಸೇರಿಸಿ ಒಬ್ಬರ ಮೇಲೆ ಬಿಟ್ಟ ಹಾಗೆ. ಇಂಥ ತುಂಡು ಗಟಾರಗಳನ್ನು ಕರಾವಳಿಯ ಯಾವ ಊರಿನಲ್ಲಾದರೂ ಕಾಣಬಹುದು.

ಆದ್ದರಿಂದ ನಾನು ಕೆಲಸ ಶುರು ಮಾಡುವುದು ಬಜೆಟ್ ತಿಂಗಳಲ್ಲಿ ಅಲ್ಲ, ಜುಲೈನಲ್ಲಿ. ಪುನರ್ವಸು, ಪುಷ್ಯ ಮಳೆ ಹೊಡೆಯುತ್ತಿರುವಾಗ ಊರು ನಡೆಯಬೇಕು. ಬೇಸಿಗೆಯಲ್ಲಿ ಎಲ್ಲ ಗಟಾರವೂ ಒಂದೇ ಥರ ಕಾಣುತ್ತದೆ. ಕೈಯಲ್ಲಿ ಇಂಚು ಗುರುತಿನ ಒಂದು ಕೋಲು, ಊರಿನ ನಕ್ಷೆ, ಮೊಬೈಲ್. ನೀರು ಎಲ್ಲಿ ನಿಂತಿದೆ, ಎಷ್ಟು ಇಂಚು, ಮಳೆ ನಿಂತ ಮೇಲೆ ಇಳಿಯಲು ಎಷ್ಟು ತಾಸು, ಎಷ್ಟು ಮನೆಗಳ ಹೊಸ್ತಿಲು ದಾಟಿತು ಎಂಬ ನಾಲ್ಕು ಸಂಗತಿ ಬರೆಯುತ್ತೇನೆ. ಕೋಲು ನಿಲ್ಲಿಸಿಯೇ ಫೋಟೋ. ನಕ್ಷೆಯ ಮೇಲೆ ವಾರ್ಡ್ ಗಡಿಯನ್ನು ಪೆನ್ಸಿಲಿನಲ್ಲಿ, ನೀರಿನ ದಾರಿಯನ್ನು ನೀಲಿ ಶಾಯಿಯಲ್ಲಿ ಎಳೆಯುತ್ತೇನೆ. ಗುಡ್ಡದ ಬುಡದಿಂದ ಹೊರಟ ಒಂದೇ ನೀಲಿ ಗೆರೆ ಎರಡು ಮೂರು ವಾರ್ಡ್ ದಾಟಿ ನಾಲಾ ಸೇರುವುದು ಆಗ ಕಣ್ಣಿಗೆ ಕಾಣುತ್ತದೆ.

ಮುಂದಿನ ಕೆಲಸ ಅಳತೆ. ನೀರು ಎಷ್ಟು ಬರುತ್ತದೆ ಎಂದು ತಿಳಿಯಲು ಕ್ಷೇತ್ರವನ್ನು ಹೆಕ್ಟೇರಿನಲ್ಲಿ, ಮಳೆಯ ಬಿರುಸನ್ನು ಗಂಟೆಗೆ ಮಿಲಿಮೀಟರಿನಲ್ಲಿ ತೆಗೆದುಕೊಂಡು, ಹರಿವಿನ ಗುಣಾಂಕದಿಂದ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಬರುವ ಪಾಲು) ಗುಣಿಸಿ 360ರಿಂದ ಭಾಗಿಸಬೇಕು. ಮನೆಗಳು ಒತ್ತಾಗಿರುವ 4 ಹೆಕ್ಟೇರ್, ಗುಣಾಂಕ 0.7, ಗಂಟೆಗೆ 75 ಮಿ.ಮೀ. ಮಳೆ ಎಂದರೆ ಸೆಕೆಂಡಿಗೆ 0.58 ಘನ ಮೀಟರ್. ಮೇಲೆ ಹೇಳಿದ ಗಟಾರದಲ್ಲಿ 60 ಸೆಂ.ಮೀ. ನೀರು ಹರಿದರೆ, 200ಕ್ಕೆ 1 ಇಳಿಜಾರು (200 ಮೀಟರಿಗೆ 1 ಮೀಟರ್ ಇಳಿತ) ಇದ್ದಾಗ ಅದು ಹೊರುವುದೂ 0.58. ಸರಿಹೋಯಿತು. ಆದರೆ ಕಾರವಾರದ ಕೋಡಿಬಾಗ, ನಂದನಗದ್ದಾ ಕಡೆಯಂಥ ಚಪ್ಪಟೆ ನೆಲದಲ್ಲಿ 800ಕ್ಕೆ 1 ಸಿಕ್ಕಿದರೆ ಅದೇ ಗಟಾರ 0.29 ಮಾತ್ರ ಹೊರುತ್ತದೆ, ಸರಿಯಾಗಿ ಅರ್ಧ. ಅಲ್ಲಿ ಅಗಲ ಹೆಚ್ಚಿಸಬೇಕು, ಇಲ್ಲವೇ ನೀರನ್ನು ಎರಡು ದಾರಿಗೆ ಒಡೆಯಬೇಕು. ಶಿರಸಿಯಲ್ಲಿ ಕಷ್ಟ ತಿರುಗುಮುರುಗು. ಏರು ಓಣಿಗಳಲ್ಲಿ 30ಕ್ಕೆ 1 ಇಳಿಜಾರಿನಲ್ಲಿ ಅದೇ ಗಟಾರ ಅಷ್ಟೇ ತುಂಬಿ ಹರಿದರೆ ವೇಗ ಸೆಕೆಂಡಿಗೆ 4 ಮೀಟರ್ ದಾಟಿ ತಳ ಕೊರೆಯುತ್ತದೆ, ಚಿರೇಕಲ್ಲಿನ ಗೋಡೆಯ ಸಂದಿ ಕೀಳುತ್ತದೆ. ಅಲ್ಲಿ ಇಳಿಜಾರು ಕಡಿಮೆ ಮಾಡಿ ಮೆಟ್ಟಿಲು ಕೊಡಬೇಕು. ಎರಡೂ ಊರಿಗೆ ಒಂದೇ ನಮೂನೆಯ ಅಂದಾಜು ಪಟ್ಟಿ ನಕಲು ಮಾಡಿದರೆ ಎರಡು ಕಡೆಯೂ ಹಣ ದಂಡ.

ಇಳಿಜಾರು ನೋಡಲು ದೊಡ್ಡ ಉಪಕರಣವೇ ಬೇಕೆಂದಿಲ್ಲ. 25 ಮೀಟರ್ ಪಾರದರ್ಶಕ ಲೆವೆಲ್ ಪೈಪು, ಗುಳ್ಳೆ ಇಲ್ಲದಂತೆ ನೀರು ತುಂಬಿ, 20 ಮೀಟರಿಗೊಮ್ಮೆ ಹಿಡಿದರೆ ಸಾಕು. 200ಕ್ಕೆ 1 ಎಂದರೆ ಪ್ರತಿ 20 ಮೀಟರಿಗೆ 10 ಸೆಂ.ಮೀ. ವ್ಯತ್ಯಾಸ, 800ಕ್ಕೆ 1 ಎಂದರೆ ಎರಡೂವರೆ ಸೆಂ.ಮೀ. ಕೊನೆಯ ಅಳತೆ ನೀರು ಹೊರಬೀಳುವ ಬಾಯಿಯದ್ದು. ಅದನ್ನು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದ ಹೊತ್ತಿಗೇ ನೋಡಬೇಕು. ಗಟಾರದ ತಳ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದರೆ ಎಷ್ಟು ಅಗಲ ಮಾಡಿದರೂ ಆ ಎರಡು ಮೂರು ತಾಸು ನೀರು ಹೊರಹೋಗದು, ಉಪ್ಪುನೀರೇ ಒಳಗೆ ಏರುತ್ತದೆ. ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಒಡ್ಡಿಗೆ ಇಡುವಂಥ, ಹೊರಗೆ ಮಾತ್ರ ತೆರೆಯುವ ಬಾಗಿಲು ಬೇಕಾಗುತ್ತದೆ. ಅದರ ಕಸ ತೆಗೆಯಲು ಮಳೆಗಾಲದ ನಾಲ್ಕು ತಿಂಗಳು ಯಾರಾದರೊಬ್ಬರು ಇರಬೇಕು. ಆ ಕೂಲಿಯನ್ನೂ ಬಜೆಟ್‌ನಲ್ಲಿ ಬರೆಯದಿದ್ದರೆ ಬಾಗಿಲು ಹಾಕಿಯೂ ಪ್ರಯೋಜನವಿಲ್ಲ.

ಅಂದಾಜು ಪಟ್ಟಿಯಲ್ಲಿ ನಾನು ಪಟ್ಟು ಬಿಡದ ಒಂದು ಸಾಲು ಕಾಂಕ್ರೀಟಿನ ದರ್ಜೆ. ಹಳೆಯ ಪಟ್ಟಿ ನೋಡಿ ಎಂ-20 (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ) ಬರೆಯುವ ರೂಢಿ ಇದೆ. ಕಡಲ ಗಾಳಿಗೆ ತೆರೆದುಕೊಂಡ ಆರ್‌ಸಿಸಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ ಎಂ-30, ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ. 15 ಸೆಂ.ಮೀ. ಗೋಡೆಯಲ್ಲಿ ಕಬ್ಬಿಣದ ಜಾಲ ಒಂದೇ ಸಾಲು, ನಡುವೆ ಬಂದರೆ ಈ ಹೊದಿಕೆ ಸಿಗುತ್ತದೆ. ಇನ್ನು ನೀರು: ಆರ್‌ಸಿಸಿಗೆ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಏಪ್ರಿಲ್, ಮೇ ಹೊತ್ತಿಗೆ ಕಡಲ ಪಕ್ಕದ ಬಾವಿಗಳು ಸವಳಾಗುತ್ತವೆ. ಗುತ್ತಿಗೆದಾರ ಹತ್ತಿರದ ಬಾವಿಗೆ ಪಂಪು ಹಚ್ಚಿದರೆ ಕೆಲವೇ ವರ್ಷದಲ್ಲಿ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಪದರ ಕಳಚುತ್ತದೆ. ಟ್ಯಾಂಕರ್ ನೀರಿನ ಖರ್ಚನ್ನು ಅಂದಾಜಿನಲ್ಲೇ ಸೇರಿಸಿ, ನೀರಿನ ಪರೀಕ್ಷೆಯನ್ನು ಷರತ್ತಾಗಿ ಬರೆಯುತ್ತೇನೆ.

ಹಣದ ಲೆಕ್ಕದಲ್ಲಿ ಹೊಸಬರು ಎಡವುವುದು ಜಿಎಸ್‌ಟಿಯಲ್ಲಿ. 2022ರ ಜುಲೈಯಿಂದ ಸ್ಥಳೀಯ ಸಂಸ್ಥೆಗಳ ಕಾಮಗಾರಿಗೂ ಅದು ಶೇ 12ರ ಬದಲು ಶೇ 18. ‘10 ಲಕ್ಷದ ಕಾಮಗಾರಿ’ ಎಂದು ಠರಾವಾದರೆ ನೆಲದ ಮೇಲೆ ಬೀಳುವ ಕೆಲಸ 8.47 ಲಕ್ಷಕ್ಕಿಂತ ಹೆಚ್ಚಿರದು. ಸಭೆಯಲ್ಲಿ ಉದ್ದ ಹೇಳುವಾಗಲೇ ಇದನ್ನು ಕಳೆದು ಹೇಳಬೇಕು. ಇಲ್ಲದಿದ್ದರೆ 100 ಮೀಟರ್ ಎಂದು ಜನರಿಗೆ ಹೇಳಿ 80ಕ್ಕೆ ನಿಲ್ಲಿಸಬೇಕಾಗುತ್ತದೆ. ಆ ಕೊನೆಯ 20 ಮೀಟರೇ ನಾಲಾ ಸೇರುವ ಭಾಗ ಆಗಿರುತ್ತದೆ. ಹಾಗಾಗಿ ನನ್ನ ಎಲ್ಲ ಕಾಮಗಾರಿಯೂ ಕೆಳಗಿನ ಬಾಯಿಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಹಣ ಮುಗಿದು ನಿಂತರೂ ಆಗಿರುವಷ್ಟು ಕೆಲಸ ಉಪಯೋಗಕ್ಕೆ ಬರುತ್ತದೆ.

ಆಯ್ಕೆಗೆ ಮುನ್ನ ಎರಡು ಪ್ರಶ್ನೆ. ನೀರು ಹೊರಬೀಳುವ ಬಾಯಿ ತೆರೆದಿದೆಯೇ? ಜಾಗ ನಗರಸಭೆಯದ್ದೇ? ಎರಡಕ್ಕೂ ಹೌದು ಎನ್ನದ ಕಾಮಗಾರಿ ಆ ವರ್ಷದ ಪಟ್ಟಿಗೆ ಬರುವುದಿಲ್ಲ, ಕಾಗದ ಸರಿಪಡಿಸುವ ಪಟ್ಟಿಗೆ ಹೋಗುತ್ತದೆ. ಕಾರವಾರದಲ್ಲಿ ಅಡ್ಡ ಬರುವುದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಮತ್ತು ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿ ಅಡಿಯ ಮೋರಿ ನಮ್ಮದಲ್ಲ, ಅದಕ್ಕೆ ಬರವಣಿಗೆಯಲ್ಲಿ ಅನುಮತಿ ಬೇಕು. ಶಿರಸಿಯಲ್ಲಿ ಅರಣ್ಯದ ಗಡಿ, ಮತ್ತು ನಗರಸಭೆಗೆ ಹಸ್ತಾಂತರವಾಗದ ಬಡಾವಣೆಗಳ ಖಾಸಗಿ ರಸ್ತೆ. ಒಳಚರಂಡಿ ಅಥವಾ ನೀರಿನ ಪೈಪ್ ಹಾಕುವ ಯೋಜನೆ ಬಾಕಿ ಇರುವ ಓಣಿಯನ್ನೂ ಬಿಡುತ್ತೇನೆ, ಹೊಸ ಕಾಂಕ್ರೀಟ್ ಒಡೆಯುವುದನ್ನು ನೋಡಲಾಗದು. ಉಳಿದವುಗಳಿಗೆ 100 ಅಂಕದ ಹಾಳೆ: ನೀರು ನುಗ್ಗುವ ಮನೆಗಳಿಗೆ 40, ನಿಲ್ಲುವ ತಾಸಿಗೆ 20, ಶಾಲೆ, ಅಂಗನವಾಡಿ, ಆಸ್ಪತ್ರೆಯ ದಾರಿಗೆ 20, ಹಿಂದಿನ ಐದು ವರ್ಷ ಆ ಹರಿವಿನ (ನಕ್ಷೆಯ ಒಂದು ನೀಲಿ ಗೆರೆಯ) ಮೇಲೆ ಖರ್ಚೇ ಆಗಿರದಿದ್ದರೆ 20. ಇದು ನಾನು ಮಾಡಿಕೊಂಡ ಹಾಳೆ, ನಿಯಮವಲ್ಲ.

ಸದಸ್ಯರನ್ನು ಒಪ್ಪಿಸಲು ನನಗೆ ನೆರವಾದದ್ದು ಎರಡು ಪಾಲಿನ ಉಪಾಯ. 31.825 ಲಕ್ಷದಲ್ಲಿ ಕಾಲು ಭಾಗವನ್ನು, ಅಂದರೆ ವಾರ್ಡಿಗೆ ಸುಮಾರು 25 ಸಾವಿರವನ್ನು, ಸಮನಾಗಿಯೇ ಕೊಡುವುದು. ಮುರಿದ ಸ್ಲ್ಯಾಬ್, ಕಟ್ಟಿದ ಮೋರಿ, ಕುಸಿದ ಅಂಚು ಇವಕ್ಕೆ ಅದು ಸಾಕು, ಸದಸ್ಯರು ಕೈಬೀಸಿಕೊಂಡು ವಾರ್ಡಿಗೆ ಮರಳಬೇಕಾಗುವುದಿಲ್ಲ. ಉಳಿದ 23.87 ಲಕ್ಷದಲ್ಲಿ ಮೇಲಿನ ಸ್ಲ್ಯಾಬ್ ಸೇರಿ ಸುಮಾರು 200 ಮೀಟರ್, ಅಂದರೆ ಒಂದು ಪೂರ್ತಿ ಹರಿವು, ಬಾಯಿಯವರೆಗೆ. ಮುಂದಿನ ಎರಡು ವರ್ಷ ಯಾವ ಹರಿವು ಎಂಬುದನ್ನೂ ಅದೇ ಸಭೆಯಲ್ಲಿ ಠರಾವಿನಲ್ಲಿ ಬರೆಸಬೇಕು. ತನ್ನ ಸರದಿ ಕಾಗದದ ಮೇಲೆ ಕಂಡವರು ಕಾಯುತ್ತಾರೆ. ಜನರ ಮಾತಿಗೂ ಜಾಗ ಬೇಕು. ಸಂವಿಧಾನದ 243-ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರಿಗೆ. ನಮ್ಮ ಯಾವ ಊರೂ ಅಷ್ಟಿಲ್ಲ. ಆದ್ದರಿಂದ ಜನರು ಮಾತಾಡಬೇಕಾದ ಜಾಗ ಬಜೆಟ್ ಪೂರ್ವಭಾವಿ ಸಭೆ. ಅಲ್ಲಿಗೆ ಬರುವಾಗ ‘ಗಟಾರ ಮಾಡಿಕೊಡಿ’ ಎಂಬ ಒಂದು ಸಾಲಿನ ಅರ್ಜಿ ತರಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಎಷ್ಟು ಮನೆ, ಜುಲೈನ ಫೋಟೋ, ಜಾಗದ ಕಾಗದ ಇಷ್ಟನ್ನು ಲಗತ್ತಿಸಿ ತನ್ನಿ. ಅಭಿಯಂತರರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ಅದೇ ಹರಿವಿಗೆ ಹಣ ಸಿಕ್ಕರೆ ಒಳ್ಳೆಯದೇ, ಆದರೆ 0ರಿಂದ 120 ಮೀಟರ್ ಒಂದು ನಿಧಿ, 120ರಿಂದ 200 ಇನ್ನೊಂದು ಎಂದು ಚೈನೇಜ್ (ಶುರುವಿನಿಂದ ಅಳೆದ ದೂರ) ನಮೂದಿಸದೆ ಎರಡನ್ನೂ ಬೆರೆಸಬೇಡಿ. ಒಂದೇ ತುಂಡಿಗೆ ಎರಡು ಬಿಲ್ ಆಗುವ ಅಪಾಯ ಅಲ್ಲಿದೆ.

ಕಾಲದ ಲೆಕ್ಕ ತಪ್ಪಿದರೆ ಮೇಲಿನ ಎಲ್ಲವೂ ವ್ಯರ್ಥ. ನಮಗೆ ಕೆಲಸದ ಕಾಲ ಅಕ್ಟೋಬರದಿಂದ ಮೇ. ನವೆಂಬರಿನಲ್ಲಿ ಅಂದಾಜು, ಫೆಬ್ರುವರಿ-ಮಾರ್ಚಿನಲ್ಲಿ ಬಜೆಟ್, ಏಪ್ರಿಲ್-ಮೇನಲ್ಲಿ ಸಾಮಾನ್ಯ ಸಭೆಯ ಠರಾವು ಮತ್ತು ಜಿಲ್ಲಾಧಿಕಾರಿಗಳ ಅನುಮೋದನೆ. ಮಳೆ ಸುರಿಯುವಾಗ ತಾಂತ್ರಿಕ ಮಂಜೂರಾತಿ, ಟೆಂಡರ್. ಸೆಪ್ಟೆಂಬರ್ ಕೊನೆಗೆ ಕಾರ್ಯಾದೇಶ. ಅನುಮೋದನೆ ನವೆಂಬರಿಗೆ ಜಾರಿದರೆ ಕಾರ್ಯಾದೇಶ ಮಾರ್ಚಿಗೆ ಬರುತ್ತದೆ, ಕ್ಯೂರಿಂಗ್‌ಗೆ ನೀರಿಲ್ಲದ ತಿಂಗಳಲ್ಲಿ ಕಾಂಕ್ರೀಟ್ ಬೀಳುತ್ತದೆ. ಚುನಾವಣೆಯ ನೀತಿ ಸಂಹಿತೆ ಜಾರಿಯಾದ ದಿನ ಕಾರ್ಯಾದೇಶ ಕೈಯಲ್ಲಿದ್ದರೂ ಸ್ಥಳದಲ್ಲಿ ಕೆಲಸ ಶುರುವಾಗಿರದಿದ್ದರೆ ಶುರು ಮಾಡುವಂತಿಲ್ಲ, ಅದನ್ನೂ ಲೆಕ್ಕದಲ್ಲಿಡಬೇಕು. ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷ ಪೇಟೆಯ ಕೆಲಸವನ್ನು ಜನವರಿಯೊಳಗೇ ಮುಗಿಸಬೇಕು.

ಟೆಂಡರ್ ಕಡಿಮೆ ದರಕ್ಕೆ ಹೋಗಿ ಹಣ ಉಳಿದರೆ ಅದನ್ನು ಮನಸ್ಸಿಗೆ ಬಂದ ಕಡೆ ಹಾಕಲಾಗದು, ಮತ್ತೆ ಅನುಮೋದನೆ ಬೇಕು. ಅದಕ್ಕೇ ಮೊದಲ ಪಟ್ಟಿಯ ಜತೆಗೇ ಎರಡು ಮೂರು ಹೆಚ್ಚುವರಿ ಕಾಮಗಾರಿ ಸೇರಿಸಿ ಕಳಿಸುತ್ತೇನೆ. ಕೆಲಸ ನಡೆಯುವಾಗ ಅಗೆತ, ಬೆಡ್, ಕಬ್ಬಿಣ ಕಟ್ಟಿದ ಹಂತ, ಮುಗಿದ ಹಂತ, ನಾಲ್ಕರಲ್ಲೂ ಅಳತೆ ಪಟ್ಟಿ ಕಾಣುವಂತೆ ಫೋಟೋ. ಮುಚ್ಚಿಹೋಗುವ ಭಾಗದ ಅಳತೆ ಮುಚ್ಚುವ ಮೊದಲೇ ಎಂ.ಬಿ.ಯಲ್ಲಿ (ಅಳತೆ ಪುಸ್ತಕ). 15 ಸೆಂ.ಮೀ. ಕಾಂಕ್ರೀಟ್ ಕ್ಯೂಬ್‌ಗಳನ್ನು ಸ್ಥಳದಲ್ಲೇ ತುಂಬಿಸಿ, 7 ಮತ್ತು 28 ದಿನದ ಬಲ ಪರೀಕ್ಷೆಗೆ ಮೂರು ಮೂರು. ಗುತ್ತಿಗೆದಾರನ ಠೇವಣಿ ಬಿಡುವ ಮುನ್ನ ಒಂದು ಪೂರ್ತಿ ಮಳೆಗಾಲ ಕಳೆಯಬೇಕು ಎಂಬುದನ್ನು ಟೆಂಡರ್ ಷರತ್ತಿನಲ್ಲೇ ಬರೆಯುತ್ತೇನೆ. ಮುಂದಿನ ಜುಲೈನಲ್ಲಿ ಅದೇ ಕೋಲು ಹಿಡಿದು ಅದೇ ಜಾಗಕ್ಕೆ ಹೋಗಿ, ಹಿಂದಿನ ವರ್ಷದ ಇಂಚಿನ ಪಕ್ಕದಲ್ಲಿ ಈ ವರ್ಷದ ಇಂಚು ಬರೆದ ಮೇಲೆಯೇ ಠೇವಣಿಯ ಕಡತಕ್ಕೆ ನನ್ನ ಸಹಿ.