ವೈರಸ್ ಹೋಯಿತು, ಇಂಟರ್ನೆಟ್ಟೂ ಹೋಯಿತು

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪ ಊರಿನ ದೇವಸ್ಥಾನ ಸಮಿತಿಗೆ ಕಾರ್ಯದರ್ಶಿ. ಆಮಂತ್ರಣ ಪತ್ರಿಕೆ ಟೈಪ್ ಮಾಡಲು 'ನುಡಿ' ಎಂಬ ಕನ್ನಡ ತಂತ್ರಾಂಶ ಬೇಕಾಯಿತು. ಹುಡುಕಿದಾಗ ಸಿಕ್ಕ ಯಾವುದೋ ಪುಟದಲ್ಲಿ ಹಸಿರು ಬಣ್ಣದ ದೊಡ್ಡ 'ಡೌನ್‌ಲೋಡ್' ಗುಂಡಿ ಒತ್ತಿದ್ದಾರೆ. ಇಳಿದದ್ದು ನುಡಿ ಅಲ್ಲ. ಆಮೇಲೆ ಎರಡು ದಿನ ಏನು ತೆರೆದರೂ ರಮ್ಮಿ ಆಟ, ಐದು ನಿಮಿಷದ ಸಾಲ. ಗಾಬರಿಯಾಗಿ ಆಂಟಿವೈರಸ್ ಓಡಿಸಿದರು. ಅದು ಏನನ್ನೋ ಹಿಡಿಯಿತು, ಅಳಿಸಿತು.

ರಾತ್ರಿ ಫೋನ್. "ಮಾರಾಯ್ತಿ, ವೈರಸ್ ಹೋಯ್ತು ಅಂತ ತೋರಿಸ್ತಾ ಇದೆ. ಆದ್ರೆ ಇಂಟರ್ನೆಟ್ಟೂ ಹೋಗಿದೆಯಲ್ಲ!"

ಪೇಟೆಯ ಅಂಗಡಿಯಲ್ಲಿ ಕೇಳಿದ್ದಕ್ಕೆ ಫಾರ್ಮ್ಯಾಟ್ ಹೊಡೀಬೇಕು ಅಂದರಂತೆ. ಸಮಿತಿಯ ಲೆಕ್ಕ, ಅಡಿಕೆ ಲೆಕ್ಕ, ಮೊಮ್ಮಕ್ಕಳ ಫೋಟೊ ಎಲ್ಲ ಆ ಒಂದೇ ಡಿಸ್ಕಿನಲ್ಲಿ. ಬ್ಯಾಕಪ್ ಅನ್ನುವ ಮಾತೇ ಇಲ್ಲ. ಬೆಂಗಳೂರಿನ ಒಂದು ಸಣ್ಣ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫಾರ್ಮ್ಯಾಟ್ ಮಾಡುವುದೇ ಸರಿ ಅನ್ನುವ ಸಂದರ್ಭಗಳೂ ಇವೆ, ನಾನೂ ಮಾಡಿದ್ದೇನೆ. ಆದರೆ ಏನಾಗಿದೆ ಎಂದು ನೋಡದೆ ಅದನ್ನು ಹೇಳುವುದು, ನಾಡಿ ಹಿಡಿಯದೆ ಡ್ರಿಪ್ ಹಾಕಿದ ಹಾಗೆ.

ವಾಟ್ಸಾಪ್ ವಿಡಿಯೊ ಕಾಲ್ ಮಾಡಿಸಿದೆ. ಮೊದಲ ಐದು ನಿಮಿಷ ಕಂಡದ್ದು ಫ್ಯಾನು ಮತ್ತು ಚಿಕ್ಕಪ್ಪನ ಕಿವಿ. ಫೋನಿಗೆ ಅದೇ ಮನೆಯ ವೈಫೈ, ಕಾಲ್ ಚೆನ್ನಾಗಿಯೇ ಬರುತ್ತಿದೆ. ಅಂದಮೇಲೆ ಲೈನು ಸರಿಯಿದೆ. ಕಮಾಂಡ್ ಕಿಟಕಿ ತೆರೆಸಿ, ಪಿಂಗ್ ಎಂದು ಹೊಡೆದು ಒಂದು ಸ್ಪೇಸ್ ಬಿಟ್ಟು 8.8.8.8 ಹಾಕಿ ಅಂದೆ. ಗೂಗಲ್‌ನ ಒಂದು ಸರ್ವರಿನ ವಿಳಾಸ ಅದು, ಅಲ್ಲಿಂದ ಉತ್ತರ ಬರುತ್ತದೆಯೇ ಎಂದು ಪಿಂಗ್ ನೋಡುತ್ತದೆ. ಚುಕ್ಕಿಯ ಬದಲು ಕಾಮಾ ಹಾಕಿ ಎರಡು ಸಲ ತಪ್ಪಿಸಿದರು. ಮೂರನೇ ಸಲ ನಾಲ್ಕು ಸಾಲು ಉತ್ತರ ಬಂತು. ಅಂಕಿಯ ಬದಲು ಗೂಗಲ್ ಹೆಸರು ಕೊಟ್ಟು ನೋಡಿದೆವು, ಅದಕ್ಕೂ ಉತ್ತರ ಬಂತು. ಹೆಸರನ್ನು ವಿಳಾಸ ಮಾಡಿಕೊಡುವ ಡಿಎನ್‌ಎಸ್ ಕೂಡ ಕೆಟ್ಟಿಲ್ಲ. ಹಾಗಾದರೆ ಬ್ರೌಸರಿಗೆ ಮಾತ್ರ ಏನು ರೋಗ?

"ಕ್ರೋಮ್ ಏನು ಹೇಳ್ತಾ ಇದೆ, ಓದಿ ಚಿಕ್ಕಪ್ಪ."

"ಅದೆಂಥದೋ ಪ್ರಾಕ್ಸಿ ಸರಿ ಇಲ್ಲ ಅಂತ. ಅದನ್ನೆಲ್ಲ ಯಾರು ಓದ್ತಾರೆ?"

ಅಲ್ಲಿಗೆ ಗೊತ್ತಾಯಿತು. ಪ್ರಾಕ್ಸಿ ಅಂದರೆ ಬ್ರೌಸರಿಗೂ ಇಂಟರ್ನೆಟ್ಟಿಗೂ ನಡುವೆ ಕೂರುವ ಮಧ್ಯವರ್ತಿ. ವಿಂಡೋಸ್ ಸೆಟ್ಟಿಂಗ್ಸಿನ ಪ್ರಾಕ್ಸಿ ಪುಟದಲ್ಲಿ 127.0.0.1, ಪೋರ್ಟ್ 8080 ಎಂದು ಕೂತಿತ್ತು. 127.0.0.1 ಅಂದರೆ ಕಂಪ್ಯೂಟರಿಗೆ ತನ್ನದೇ ವಿಳಾಸ. ಆ ಮಾಲ್‌ವೇರ್, ಅಂದರೆ ಇಳಿದು ಕೂತ ಕೇಡಿನ ಪ್ರೋಗ್ರಾಮ್, ಬ್ರೌಸರಿನ ಓಡಾಟವನ್ನೆಲ್ಲ ತನ್ನ ಕೈಯಿಂದಲೇ ದಾಟಿಸಿಕೊಂಡು, ನಡುವೆ ಜಾಹೀರಾತು ತುರುಕುತ್ತಿತ್ತು. ಆಂಟಿವೈರಸ್ ಅದನ್ನು ಅಳಿಸಿತೇ ಹೊರತು, ಅದು ತಿರುಗಿಸಿಟ್ಟ ದಾರಿಯನ್ನು ನೆಟ್ಟಗೆ ಮಾಡಲಿಲ್ಲ. ಬ್ರೌಸರ್ ಈಗಲೂ ಅದೇ ಬಾಗಿಲು ತಟ್ಟುತ್ತಿದೆ, ಒಳಗೆ ಯಾರೂ ಇಲ್ಲ. ಇದನ್ನು ಹೇಳಿದಾಗ ಚಿಕ್ಕಪ್ಪನಿಗೆ ನನಗಿಂತ ಚೆನ್ನಾಗಿ ಅರ್ಥವಾಯಿತು: "ನಮ್ಮ ತೋಟದ ನೀರನ್ನ ಯಾರೋ ಅವನ ಹೊಂಡಕ್ಕೆ ತಿರುಗಿಸಿದ್ದಾನೆ. ನಾವು ಅವನನ್ನ ಓಡಿಸಿದ್ವಿ, ಕಾಲುವೆ ಹಾಗೇ ಬಿಟ್ವಿ."

ಇಡೀ ಜಗತ್ತೇ ಒಮ್ಮೆ ಈ ಪಾಡು ಪಟ್ಟಿದೆ. ಡಿಎನ್‌ಎಸ್‌ಚೇಂಜರ್ ಎಂಬ ಮಾಲ್‌ವೇರ್ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಅನ್ನು ಕಳ್ಳ ಸರ್ವರುಗಳಿಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾದ ಆರು ಜನರ ಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸಿದ ಪ್ರಕರಣ ಬಯಲಾಯಿತು. ಆ ಸರ್ವರುಗಳನ್ನು ಅಲ್ಲೇ ಆರಿಸಿದ್ದರೆ ಅಷ್ಟೂ ಮನೆಗಳ ಇಂಟರ್ನೆಟ್ ನಿಲ್ಲುತ್ತಿತ್ತು. ಅದಕ್ಕೇ ನ್ಯಾಯಾಲಯದ ಅನುಮತಿ ಪಡೆದು ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನು 2012ರ ಜುಲೈ 9ರವರೆಗೆ ನಡೆಸಿದರು.

ಪ್ರಾಕ್ಸಿ ಆಫ್ ಮಾಡಿಸಿದೆ. ಪುಟ ತೆರೆಯಿತು, ಚಿಕ್ಕಪ್ಪ ಖುಷಿ. ಬೆಳಿಗ್ಗೆ ಆರಕ್ಕೆ ಮತ್ತೆ ಫೋನ್: "ಕರೆಂಟ್ ಹೋಗಿ ಬಂತು. ಮತ್ತೆ ಹಾಗೇ ಆಗಿದೆ."

ಏನೋ ಇನ್ನೂ ಒಳಗೇ ಉಳಿದಿದೆ ಎಂದರ್ಥ. ಶನಿವಾರ ರಾತ್ರಿಯ ಬಸ್ಸು ಹತ್ತಿದೆ. ಮೊದಲು ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಫೋಟೊ, ವರ್ಡ್, ಎಕ್ಸೆಲ್ ಮಾತ್ರ, ಓಡುವ ಪ್ರೋಗ್ರಾಮುಗಳನ್ನು ಬಿಟ್ಟು. ಆಮೇಲೆ, ಯಾವ ಕೆಲಸ ಯಾವಾಗ ತಾನಾಗಿ ಓಡಬೇಕು ಎಂದು ವಿಂಡೋಸ್ ಪಟ್ಟಿ ಇಡುವ ಟಾಸ್ಕ್ ಶೆಡ್ಯೂಲರ್ ತೆರೆದೆ. ಕಂಪ್ಯೂಟರ್ ಶುರುವಾದಾಗಲೆಲ್ಲ ಓಡುವ ಒಂದು ಟಾಸ್ಕ್ ಅಲ್ಲಿತ್ತು, 'ಅಪ್‌ಡೇಟ್' ಎಂಬ ಸಭ್ಯ ಹೆಸರು. ಅದು ಕರೆಯುತ್ತಿದ್ದ ಫೈಲು ಮಾತ್ರ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಆ್ಯಪ್‌ಡೇಟಾ ಫೋಲ್ಡರಿನ ಮೂಲೆಯಲ್ಲಿ. ತಾರೀಖು ನೋಡಿದೆ: ಚಿಕ್ಕಪ್ಪ ಹಸಿರು ಗುಂಡಿ ಒತ್ತಿದ ದಿನವೇ. ಇಂಥ ಹುಡುಕಾಟದಲ್ಲಿ ನಾನು ಹೆಸರಿಗಿಂತ ತಾರೀಖನ್ನೇ ನಂಬುವುದು. ಟಾಸ್ಕನ್ನೂ ಫೈಲನ್ನೂ ತೆಗೆದು, ವಿಂಡೋಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಕಳ್ಳನಿಗೆ ಅಡಗಲು ಅವಕಾಶ ಕಡಿಮೆ. ಚಿಕ್ಕಮ್ಮನ ಕಾಫಿ ಬರುವಷ್ಟರಲ್ಲಿ ಮುಗಿಯಿತು.

ಯಾವ ತಾಣಕ್ಕೆ ಯಾವ ವಿಳಾಸ ಎಂದು ಕಂಪ್ಯೂಟರಿನಲ್ಲೇ ಬರೆದಿಡುವ ಹೋಸ್ಟ್ಸ್ ಫೈಲಿನಲ್ಲೂ ಆಂಟಿವೈರಸ್ ಕಂಪನಿಯ ತಾಣಗಳನ್ನು 127.0.0.1ಕ್ಕೆ ಕಟ್ಟಿದ ಎರಡು ಸಾಲಿದ್ದವು. ಅದರ ಅಪ್‌ಡೇಟ್ ಯಾಕೆ ಬರುತ್ತಿರಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಸಾಲು ಅಳಿಸಿ, ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗಾದ ವಿನ್‌ಸಾಕ್ ರೀಸೆಟ್ ಮಾಡಿ, ಮೂರು ಸಲ ಬೇಕೆಂದೇ ರೀಸ್ಟಾರ್ಟ್ ಮಾಡಿದೆ. ಪ್ರಾಕ್ಸಿ ಮರಳಲಿಲ್ಲ. ರೌಟರಿನಲ್ಲಿ ಡಿಎನ್‌ಎಸ್ ಬದಲಾಗಿರಲಿಲ್ಲ, ಆದರೆ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇತ್ತು. ಅದನ್ನೂ ಬದಲಿಸಿದೆ. ಬ್ಯಾಂಕು, ಇಮೇಲಿನ ಪಾಸ್‌ವರ್ಡುಗಳನ್ನು ಮಾತ್ರ ಆ ಕಂಪ್ಯೂಟರಿನಲ್ಲಲ್ಲ, ಫೋನಿನಲ್ಲಿ ಬದಲಿಸಿದೆವು. ದುಡ್ಡು ಹೋದದ್ದು ಕಂಡರೆ ತಡಮಾಡದೆ ಕರೆಯಲು ಸೈಬರ್ ವಂಚನೆಯ ಸಹಾಯವಾಣಿ 1930 ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ.

ಕೊನೆಗೆ ಹೊಸ ಪ್ರೋಗ್ರಾಮ್ ಹಾಕಲು ಬೇಕಾಗುವ ಅಡ್ಮಿನ್ ಅಧಿಕಾರವನ್ನು ಚಿಕ್ಕಪ್ಪನ ಖಾತೆಯಿಂದ ತೆಗೆದು, ಬೇರೆ ಅಡ್ಮಿನ್ ಖಾತೆ ಮಾಡಿ, ಅದರ ಪಾಸ್‌ವರ್ಡನ್ನು ಚಿಕ್ಕಮ್ಮನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಟ್ಟೆ. ಮೊನ್ನೆ ಚಿಕ್ಕಪ್ಪನ ಫೋನು ಬಂದಿತ್ತು. "ಪ್ರಿಂಟರ್ ಹಾಕ್ಬೇಕು ಮಾರಾಯ್ತಿ. ಇವಳು ಯಾಕೆ, ಏನು, ಎಲ್ಲಿಂದ ಅಂತ ವಕೀಲರ ಹಾಗೆ ಕೇಳ್ತಾಳೆ."